ಚೈನ್ ಜಾರುತ್ತಿದೆ, ಅಂಗಡಿಯವರು ಸೈಕಲ್ಲೇ ಬದಲಾಯಿಸಿ ಅನ್ನುತ್ತಾರೆ. ಏನು ಮಾಡಲಿ?

ನಾಗರಬಾವಿ_ಸವಾರಿ · ಶನಿವಾರ, ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ನನ್ನದು ಅಲ್ಯೂಮಿನಿಯಂ ಫ್ರೇಮಿನ ಹೈಬ್ರಿಡ್ ಸೈಕಲ್. ಮುಂದೆ 3, ಹಿಂದೆ 7 ಗೇರ್. ಆರು ವರ್ಷದಿಂದ ನಾಗರಬಾವಿಯಿಂದ ಯಶವಂತಪುರದ ಆಫೀಸಿಗೆ ಇದರಲ್ಲೇ ಓಡಾಟ. ಹೋಗಿ ಬರುವುದು ಸೇರಿ ದಿನಕ್ಕೆ 20 ಕಿ.ಮೀ. ಆಗುತ್ತದೆ. ಒಂದು ತಿಂಗಳಿಂದ ಸುಮನಹಳ್ಳಿ ಫ್ಲೈಓವರ್ ಹತ್ತುವಾಗ ಜೋರಾಗಿ ತುಳಿದರೆ ಟಕ್ ಅಂತ ಜಾರುತ್ತದೆ. ಮೊನ್ನೆ ಹಿಂದೆಯೇ ಬಸ್ ಇತ್ತು. ಕಾಲು ಒಮ್ಮೆಲೇ ಕೆಳಗೆ ಹೋಗಿ ಎದೆ ಝಲ್ ಅಂದಿತು.

ಹತ್ತಿರದ ಒಂದು ಅಂಗಡಿಗೆ ತೋರಿಸಿದೆ. ಏನನ್ನೂ ಅಳೆಯಲಿಲ್ಲ. ಸುಮ್ನೆ ಒಮ್ಮೆ ಪೆಡಲ್ ತಿರುಗಿಸಿ, "ಚೈನ್, ಫ್ರೀವೀಲ್ (ಹಿಂದಿನ ಹಲ್ಲಿನ ಚಕ್ರಗಳು), ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಡಿರೈಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಎಲ್ಲಾ ಹೋಗಿದೆ ಮೇಡಂ, 8,500 ಆಗುತ್ತದೆ. ಇದಕ್ಕೆ ಅಷ್ಟು ಸುರಿಯುವ ಬದಲು ಕಾರ್ಬನ್ ಫೈಬರ್ ಸೈಕಲ್ ತಗೊಳ್ಳಿ" ಅಂದರು. ನಿಜವಾಗಿ ಯಾವ್ಯಾವುದು ಬದಲಾಗಬೇಕು ಅಂತ ತಿಳಿಯುವುದು ಹೇಗೆ? ಹೊಸದೇ ತಗೊಳ್ಳುವುದಾದರೆ ನಮ್ಮ ರಸ್ತೆಗೆ ಯಾವ ಫ್ರೇಮ್ ಒಳ್ಳೆಯದು? ಈ ಸೈಕಲ್ ಬಿಡಲು ಮನಸ್ಸಿಲ್ಲ.

ಎಂಟನೇ_ಮೈನ್ · 9:20
ಚೈನ್ ಒಮ್ಮೆಯಾದರೂ ಬದಲಾಯಿಸಿದ್ದೀರಾ?

ನಾಗರಬಾವಿ_ಸವಾರಿ · 9:22
ಇಲ್ಲ. ಎಣ್ಣೆ ಮಾತ್ರ ಹಾಕುತ್ತಿದ್ದೆ.

ಎಂಟನೇ_ಮೈನ್ · 9:23
ಹಾಗಾದರೆ ಉತ್ತರ ಅಲ್ಲೇ ಇದೆ.

ಪೀಣ್ಯ_ಫಿಟ್ಟರ್ · 9:41
ಮೇಡಂ, ಯಾರ ಮಾತೂ ಕೇಳಬೇಡಿ, ಮೊದಲು ಅಳೆಯಿರಿ. ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಬೇಡ, ಸ್ಟೀಲ್ ಸ್ಕೇಲ್ ಆಗಬೇಕು. ಚೈನ್ ಸೈಕಲ್ ಮೇಲೇ ಇರಲಿ. ಪೆಡಲ್ ಸ್ವಲ್ಪ ಒತ್ತಿ ಹಿಡಿದರೆ ಮೇಲಿನ ಸಾಲು ಬಿಗಿಯಾಗುತ್ತದೆ. ಒಂದು ಪಿನ್ನಿನ ಸರಿಯಾದ ನಡುವಿಗೆ ಸೊನ್ನೆ ಇಡಿ. ಹೊಸ ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಗಾಗಿ 24ನೇ ಪಿನ್ 12 ಇಂಚಿನ ಗೆರೆಯ ಮೇಲೆ, 304.8 ಮಿ.ಮೀ.ಗೆ, ಕೂರಬೇಕು. ಅದು ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ 0.5 ಪರ್ಸೆಂಟ್ ಸವೆದಿದೆ. 3 ಮಿ.ಮೀ. ಹೋಗಿದ್ದರೆ 1 ಪರ್ಸೆಂಟ್.

11, 12 ಗೇರಿನ ಸೈಕಲ್ಲಿಗೆ 0.5ಕ್ಕೇ ಚೈನ್ ಬದಲಾಯಿಸಬೇಕು. ನಿಮ್ಮ 7 ಗೇರಿಗೆ 0.75ರವರೆಗೆ ಕಾಯಬಹುದು. 1 ದಾಟಿದ್ದರೆ ಹಿಂದಿನ ಹಲ್ಲುಗಳೂ ಅದರ ಜೊತೆಗೇ ಸವೆದಿರುತ್ತವೆ.

ಹಳೆ_ಹರ್ಕ್ಯುಲಿಸ್ · 9:58
ನಾವು ಇದನ್ನೇ "ಚೈನ್ ಉದ್ದ ಆಗಿದೆ" ಅನ್ನುತ್ತಿದ್ದೆವು. ಹಿಂದಿನ ಚಕ್ರ ಸಡಿಲಿಸಿ ಹಿಂದಕ್ಕೆ ಎಳೆದು ಬಿಗಿ ಮಾಡಿದರೆ ಮತ್ತೆ ಎರಡು ವರ್ಷ ಓಡುತ್ತಿತ್ತು. 1978ರಲ್ಲಿ ಅಪ್ಪ ಕೊಡಿಸಿದ ಸೈಕಲ್ಲಿಗೆ ಮೂರನೇ ಚೈನ್ ಹಾಕಿಸಿದ ನೆನಪೇ ಇಲ್ಲ. ಈಗಿನದು ಯಾಕೆ ಇಷ್ಟು ಬೇಗ ಹೋಗುತ್ತದೆ?

ಪೀಣ್ಯ_ಫಿಟ್ಟರ್ · 10:10
ಒಳ್ಳೆ ಪ್ರಶ್ನೆ ಸರ್. ಚೈನಿನ ಪಟ್ಟಿ ಹಿಗ್ಗುವುದಿಲ್ಲ. ಒಳಗಿನ ಪಿನ್ನು ಮತ್ತು ಅದು ತಿರುಗುವ ತೂತು ಸವೆಯುತ್ತವೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲ. ಅಂಥ ನೂರು ಕೀಲು ಸೇರಿದಾಗ ಉದ್ದವಾದಂತೆ ಕಾಣುತ್ತದೆ. ನಿಮ್ಮ ಕಾಲದ ಸೈಕಲ್ಲಿಗೆ ಅಗಲವಾದ ಚೈನು, ಹಿಂದೆ ಒಂದೇ ದಪ್ಪ ಹಲ್ಲಿನ ಚಕ್ರ. ಚೈನ್ ನೇರ ಸಾಲಿನಲ್ಲೇ ಓಡುತ್ತಿತ್ತು, ಕೆಲವದಕ್ಕೆ ಪೂರ್ತಿ ಚೈನ್ ಕವರ್ ಬೇರೆ. ಧೂಳು ಒಳಗೆ ಹೋಗುತ್ತಲೇ ಇರಲಿಲ್ಲ. ಗೇರ್ ಸೈಕಲ್ಲಿನಲ್ಲಿ ಚೈನ್ ತೆಳುವು, ಓರೆಯಾಗಿ ಓಡುತ್ತದೆ, ಮೇಲೆ ಕವರ್ ಇಲ್ಲ.

ತುರಹಳ್ಳಿ_ಧೂಳು · 10:15
ಅದರ ಮೇಲೆ ನಮ್ಮ ಊರಿನ ಕೆಂಪು ಮಣ್ಣು! ಎಣ್ಣೆ ಜೊತೆ ಸೇರಿದರೆ ಉಪ್ಪು ಕಾಗದದ ಹಾಗೆ ಉಜ್ಜುತ್ತದೆ. ತುರಹಳ್ಳಿಯಲ್ಲಿ ಮಳೆ ಬಂದ ಮಾರನೇ ದಿನ ಓಡಿಸಿ ಬಂದು ಚೈನ್ ಒರೆಸಿದರೆ ಬಟ್ಟೆ ಮೇಲೆ ಕೆಂಪು ಕಪ್ಪು ಪೇಸ್ಟ್ ಬರುತ್ತದೆ. ಬೆರಳ ನಡುವೆ ತಿಕ್ಕಿ ನೋಡಿ, ಮರಳು ಗೊತ್ತಾಗುತ್ತದೆ.

ಕಾರ್ಬನ್_ಕನಸು · 10:31
ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪು ಅನ್ನಬೇಡಿ. ನಾನು ಮೂರು ವರ್ಷದಿಂದ ಕಾರ್ಬನ್ ಓಡಿಸುತ್ತಿದ್ದೇನೆ. ನಂದಿ ಬೆಟ್ಟ ಹತ್ತುವಾಗ ಗೊತ್ತಾಗುವ ವ್ಯತ್ಯಾಸವೇ ಬೇರೆ. ರಸ್ತೆಯ ಅದುರು ಕೈಗೆ ಬರುವುದಿಲ್ಲ. ಅಲ್ಯೂಮಿನಿಯಂ ಗಡುಸು, ಕೈ ನೋಯುತ್ತದೆ.

ಮಳೆಗಾಲದ_ಚಕ್ರ · 10:44
ಇದನ್ನು ಒಪ್ಪುವುದಿಲ್ಲ. ಕೈಗೆ ಬರುವ ಅದುರಿನಲ್ಲಿ ಫ್ರೇಮಿಗಿಂತ ಟೈರಿನ ಪಾಲು ಎಷ್ಟೋ ಜಾಸ್ತಿ. ನಾನು 28 ಮಿ.ಮೀ. ಟೈರ್ ತೆಗೆದು ಅದೇ ಫ್ರೇಮಿಗೆ 38 ಹಾಕಿ, ಗಾಳಿಯ ಒತ್ತಡ 85ರಿಂದ 50 ಪಿಎಸ್‌ಐಗೆ ಇಳಿಸಿದೆ. ಬೇರೆಯೇ ಸೈಕಲ್ ಆಯಿತು. ಜನ ಫ್ರೇಮ್ ಬದಲಾಯಿಸಲು ಲಕ್ಷ ಕೊಡುತ್ತಾರೆ, ಪಂಪಿನ ಮುಳ್ಳು ನೋಡುವುದಿಲ್ಲ.

ಕಾರ್ಬನ್_ಕನಸು · 10:50
ಟೈರ್ ವಿಷಯ ಸರಿ. ಆದರೆ ತೂಕ? ತೂಕವೇ ಮುಖ್ಯ ಅಲ್ವಾ?

ಮಳೆಗಾಲದ_ಚಕ್ರ · 10:57
ನಂದಿ ಬೆಟ್ಟಕ್ಕೆ ಮುಖ್ಯ. ಅವರು ಹೋಗುವುದು ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಆಫೀಸಿಗೆ. ಹಿಂದೆ ಕ್ಯಾರಿಯರ್, ಅದರಲ್ಲಿ ಲ್ಯಾಪ್‌ಟಾಪ್, ಊಟದ ಡಬ್ಬಿ. ನಿಲ್ಲಿಸುವುದು ಸ್ಕೂಟರ್‌ಗಳ ಮಧ್ಯೆ. ಯಾರೋ ಹ್ಯಾಂಡಲ್ ತಾಗಿಸಿ ಬೀಳಿಸುತ್ತಾರೆ. ಕಾರ್ಬನ್ನಿಗೆ ಪಕ್ಕದಿಂದ ಬೀಳುವ ಚೂಪು ಪೆಟ್ಟೇ ಶತ್ರು. ಮೇಲೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಪದರ ಬಿಟ್ಟಿರುತ್ತದೆ.

ನಂದಿ_ಏರು · ಭಾನುವಾರ, ಬೆಳಿಗ್ಗೆ 5:05
ನಾಣ್ಯದಿಂದ ತಟ್ಟಿ ನೋಡುವುದು ಒಂದು ಉಪಾಯ. ಚೆನ್ನಾಗಿರುವ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಮಂಕು ಸದ್ದು. ಅದೊಂದೇ ನಂಬಿ ಕೂರಬೇಡಿ, ಅನುಮಾನ ಬಂದರೆ ಗೊತ್ತಿರುವವರಿಗೆ ತೋರಿಸಿ. ಕಾರ್ಬನ್ ರಿಪೇರಿ ಆಗುವುದೇ ಇಲ್ಲ ಅನ್ನುವುದೂ ಸುಳ್ಳು, ಕೆಲಸ ಬಲ್ಲವರು ಚೆನ್ನಾಗಿಯೇ ಮಾಡುತ್ತಾರೆ. ಈಗ ಹೊರಟೆ, ಬೆಳಕಾಗುವ ಮೊದಲು ದೇವನಹಳ್ಳಿ ದಾಟಬೇಕು.

ನಾಗರಬಾವಿ_ಸವಾರಿ · 8:30
ಅಳೆದೆ. ತಮ್ಮನ ಹತ್ತಿರ ಸ್ಟೀಲ್ ಸ್ಕೇಲ್ ಇತ್ತು. ಮೂರು ಕಡೆ ನೋಡಿದೆ. ಒಂದು ಕಡೆ ಮೂರೂವರೆ ಮಿ.ಮೀ., ಉಳಿದ ಎರಡು ಕಡೆ ಸುಮಾರು ನಾಲ್ಕು ಆಚೆ ಹೋಗಿದೆ. ಹಿಂದೆ ಸಣ್ಣ ಕಡೆಯಿಂದ ಎರಡನೇದು, ಮೂರನೇದರ ಹಲ್ಲುಗಳು ಒಂದು ಪಕ್ಕಕ್ಕೆ ವಾಲಿ ಮೀನಿನ ರೆಕ್ಕೆ ತರಹ ಕಾಣುತ್ತವೆ. ದೊಡ್ಡದರಲ್ಲಿ ಕೆಲವು ಹಲ್ಲು ಮೋಟಾಗಿವೆ, ಕೆಲವು ಉದ್ದ ಇವೆ. ಅದೂ ಹೋಗಿದೆಯಾ?

ಪೀಣ್ಯ_ಫಿಟ್ಟರ್ · 8:52
ದೊಡ್ಡದರಲ್ಲಿ ಮೋಟು ಹಲ್ಲು ಕಂಡು ಹೆದರಬೇಡಿ. ಅದು ಸವೆದಿದ್ದಲ್ಲ, ಹಾಗೇ ಮಾಡಿರುವುದು. ಚೈನ್ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹತ್ತಲಿ ಅಂತ ಕೆಲವು ಹಲ್ಲು ಮೋಟು, ಪಕ್ಕದಲ್ಲಿ ಸಣ್ಣ ಇಳಿಜಾರು. ಶಿಮಾನೊ ಇದನ್ನು 1989ರಲ್ಲಿ ಹೈಪರ್‌ಗ್ಲೈಡ್ ಅಂತ ತಂದಿತು. ಇದನ್ನೇ ತೋರಿಸಿ "ಹಲ್ಲು ಮುರಿದಿದೆ" ಅನ್ನುವವರನ್ನು ಕಂಡಿದ್ದೇನೆ.

ಆದರೆ ರೆಕ್ಕೆ ತರಹ ವಾಲಿದ ಎರಡನೇದು, ಮೂರನೇದು ಖಂಡಿತ ಹೋಗಿವೆ. ನಾಲ್ಕು ಮಿ.ಮೀ. ಅಂದರೆ 1.3 ಪರ್ಸೆಂಟ್. ಹೊಸ ಚೈನ್ ಮಾತ್ರ ಹಾಕಿದರೆ ಆ ಎರಡರ ಮೇಲೆ ಇನ್ನೂ ಜಾಸ್ತಿ ಜಾರುತ್ತದೆ. ಚೈನ್ ಮತ್ತು ಫ್ರೀವೀಲ್ ಜೊತೆಗೆ ಬದಲಾಯಿಸಿ. 6, 7, 8 ಗೇರಿಗೆ ಅಂತ ಬರೆದಿರುವ ಚೈನ್ ಕೇಳಿ, ಮೂರಕ್ಕೂ ಒಂದೇ ಅಗಲ. 9 ಗೇರಿನದು ಬೇಡ. ಜೋಡಿಸುವ ಕ್ವಿಕ್ ಲಿಂಕ್ ಕೂಡ ಅದೇ ಅಗಲದ್ದೇ ಇರಲಿ. ಎರಡೂ ಸೇರಿ ಅಂಗಡಿಯವರು ಹೇಳಿದ್ದರ ಕಾಲು ಭಾಗವೂ ಆಗುವುದಿಲ್ಲ.

ಹೊಸ ಚೈನ್ ಹಾಕಿದ ಮೇಲೆ ಮುಂದುಗಡೆಯ ಹಲ್ಲಿನ ಚಕ್ರಕ್ಕೆ, ಅಂದರೆ ಚೈನ್‌ರಿಂಗಿಗೆ, ಒಂದು ಪರೀಕ್ಷೆ ಮಾಡಿ. ಚೈನ್‌ರಿಂಗಿನ ಮುಂಭಾಗದಲ್ಲಿ ಚೈನನ್ನು ಬೆರಳಿಂದ ಮುಂದಕ್ಕೆ ಎಳೆಯಿರಿ. ಅರ್ಧ ಹಲ್ಲಿಗಿಂತ ಜಾಸ್ತಿ ಎದ್ದು ಬೆಳಕು ಕಂಡರೆ ಅದೂ ಹೋಗಿದೆ. ಡಿರೈಲರ್ ಸುಮ್ನೆ ಬದಲಾಯಿಸಬೇಡಿ.

ಎಂಟನೇ_ಮೈನ್ · 9:05
ಫ್ರೀವೀಲ್ ಮನೆಯಲ್ಲಿ ಬಿಚ್ಚಲು ಆಗುತ್ತದಾ? ನಾನು ಒಮ್ಮೆ ಸ್ಪ್ಯಾನರ್ ಬಗ್ಗಿಸಿಕೊಂಡೆ.

ಪೀಣ್ಯ_ಫಿಟ್ಟರ್ · 9:20
ಪ್ರತಿ ಸಲ ಪೆಡಲ್ ತುಳಿದಾಗಲೂ ಅದು ಇನ್ನಷ್ಟು ಬಿಗಿಯಾಗುತ್ತಾ ಹೋಗುತ್ತದೆ. ಆರು ವರ್ಷ ತುಳಿದದ್ದು ಸ್ಪ್ಯಾನರಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬೆಂಚ್ ವೈಸ್ (ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳ) ಇದ್ದರೆ ಕೆಲಸ ಸಲೀಸು. ಫ್ರೀವೀಲ್ ಬಿಚ್ಚುವ ರಿಮೂವರನ್ನು ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನು ಅದರ ಮೇಲೆ ಮಲಗಿಸಿ, ಬಸ್ಸಿನ ಸ್ಟಿಯರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಹೊಸದನ್ನು ಹಾಕುವ ಮೊದಲು ತ್ರೆಡ್ಡಿಗೆ ಗ್ರೀಸ್ ಹಚ್ಚಿ, ಮುಂದಿನ ಸಲ ಬಿಚ್ಚುವವರಿಗೆ ಉಪಕಾರ. ಮೇಡಂ, ಭಾನುವಾರ ನಮ್ಮ ಶೆಡ್ ರಜೆ, ಆದರೆ 11ರವರೆಗೆ ನಾನು ಇರುತ್ತೇನೆ. ನಿಮ್ಮ ದಾರಿಯಲ್ಲೇ ಇದೆ. ತಮ್ಮನನ್ನೂ ಕರೆದುಕೊಂಡು ಬನ್ನಿ. ವಿಳಾಸ ಖಾಸಗಿ ಮೆಸೇಜಿನಲ್ಲಿ ಕಳಿಸಿದ್ದೇನೆ.

ಹಳೆ_ಹರ್ಕ್ಯುಲಿಸ್ · 9:34
ಚೈನಿಗೆ ಹೊಲಿಗೆ ಮಷಿನ್ ಎಣ್ಣೆ ಸಾಕು. ನಾವು ಕೊಬ್ಬರಿ ಎಣ್ಣೆಯನ್ನೂ ಹಾಕಿದ್ದೇವೆ.

ಮಳೆಗಾಲದ_ಚಕ್ರ · 9:40
ಕೊಬ್ಬರಿ ಎಣ್ಣೆ ಬೇಡ ಸರ್, ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ತೀರಾ ತೆಳುವು, ಒಂದು ಮಳೆಗೆ ತೊಳೆದು ಹೋಗುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಚೈನ್ ಎಣ್ಣೆ ಅಂತಲೇ ಸಿಗುತ್ತದೆ. ಒಂದೊಂದು ಕೀಲಿಗೆ ಒಂದೇ ಹನಿ, ಹತ್ತು ನಿಮಿಷ ಬಿಟ್ಟು ಹಳೇ ಬನಿಯನ್ ಬಟ್ಟೆಯಲ್ಲಿ ಹೊರಗಿನದ್ದೆಲ್ಲ ಒರೆಸಿ. ಎಣ್ಣೆ ಬೇಕಿರುವುದು ಒಳಗೆ. ಹೊರಗೆ ಮಿಂಚುವ ಎಣ್ಣೆ ಧೂಳು ಹಿಡಿಯುವುದಕ್ಕೆ ಮಾತ್ರ. ಹೊಸ ಚೈನಿನ ಫ್ಯಾಕ್ಟರಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಹೋಗಬೇಡಿ, ಹೊರಗೆ ಒರೆಸಿದರೆ ಸಾಕು.

ತುರಹಳ್ಳಿ_ಧೂಳು · 9:46
ಆಯುಧ ಪೂಜೆ ಹತ್ತಿರ ಬಂತು ಅಂತ ಸೈಕಲ್ಲನ್ನು ಬೈಕ್ ವಾಶ್‌ಗೆ ಒಯ್ಯಬೇಡಿ, ದಯವಿಟ್ಟು. ಪ್ರೆಶರ್ ನೀರು ಚಕ್ರದ ನಡುವಿನ ಹಬ್ಬಿನೊಳಗೆ, ಪೆಡಲಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ಟಿನೊಳಗೆ ನುಗ್ಗಿ ಗ್ರೀಸ್ ತೊಳೆದು ಹಾಕುತ್ತದೆ. ಬಕೆಟ್ಟು, ಬ್ರಷ್ಷು ಸಾಕು.

ನಾಗರಬಾವಿ_ಸವಾರಿ · ಮಧ್ಯಾಹ್ನ 2:15
ಹೋಗಿ ಬಂದೆ. ಚೈನು, ಫ್ರೀವೀಲ್ ಎರಡೂ ಹೊಸದಾಗಿವೆ. ಈಗ ಜಾರುತ್ತಿಲ್ಲ. ಆದರೆ ಖುಷಿ ಪಡುವ ಸ್ಥಿತಿಯಲ್ಲಿ ಇಲ್ಲ.

ಸೈಕಲ್ ಒರೆಸುವಾಗ ಸೀಟಿನ ಕೊಳವೆಯೂ ಮೇಲಿನ ಕೊಳವೆಯೂ ಸೇರುವ ವೆಲ್ಡಿನ ಕೆಳಗೆ ಒಂದು ತೆಳು ಗೆರೆ ಕಾಣಿಸಿತು. ಬೆರಳಿನಷ್ಟು ಉದ್ದ. ನಾನು ಬಣ್ಣ ಬಿಟ್ಟಿದೆ ಅಂದುಕೊಂಡೆ. ಪೀಣ್ಯ ಸರ್ "ಇರಿ, ನೋಡೇಬಿಡೋಣ" ಅಂತ ಅಲ್ಲಿ ಬಣ್ಣ ಕೆರೆದು, ಒರೆಸಿ, ಒಂದು ಡಬ್ಬಿಯಿಂದ ಕೆಂಪು ಬಣ್ಣ ಸ್ಪ್ರೇ ಮಾಡಿದರು. ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ ತೆಗೆದರು. ಆಮೇಲೆ ಸುಣ್ಣದ ಪುಡಿಯಂಥ ಬಿಳಿ ಸ್ಪ್ರೇ. ಮೂರು ಜನ ಬಗ್ಗಿ ನೋಡುತ್ತಾ ನಿಂತಿದ್ದೆವು. ಬಿಳಿಯ ಮೇಲೆ ಒಂದು ಕೆಂಪು ದಾರ ತಾನಾಗಿಯೇ ಮೂಡಿ ಬಂತು. ಅಳು ಬಂದಿತು, ನಿಜವಾಗಿಯೂ.

ಪೀಣ್ಯ_ಫಿಟ್ಟರ್ · 2:40
ಅದು ಡೈ ಪೆನೆಟ್ರೆಂಟ್ ಟೆಸ್ಟ್. ಮಷಿನ್ ಭಾಗಗಳಿಗೆ ನಾವು ದಿನಾ ಮಾಡುವುದೇ. ಬಿರುಕಿನೊಳಗೆ ಇಳಿದ ಕೆಂಪು ಬಣ್ಣವನ್ನು ಬಿಳಿ ಪುಡಿ ಹೊರಗೆ ಎಳೆಯುತ್ತದೆ. ಬಣ್ಣ ಬಿಟ್ಟದ್ದಷ್ಟೇ ಆಗಿದ್ದರೆ ಗೆರೆ ಮೂಡುತ್ತಿರಲಿಲ್ಲ.

ಕಾರಣವೂ ಸಿಕ್ಕಿತು. ಸೀಟ್ ಪೋಸ್ಟಿನ (ಸೀಟನ್ನು ಹೊತ್ತ ಕಂಬದ) ಮೇಲೆ "ಇದಕ್ಕಿಂತ ಮೇಲೆ ಎಳೆಯಬೇಡಿ" ಅನ್ನುವ ಗೆರೆ ಇರುತ್ತದೆ. ಅದು ಫ್ರೇಮಿನ ಹೊರಗೆ ಎರಡು ಬೆರಳು ಕಾಣುತ್ತಿತ್ತು. ಸೈಕಲ್ ಕೊಟ್ಟ ದಿನವೇ ಹಾಗೆ ಎತ್ತಿ ಕೊಟ್ಟಿದ್ದರಂತೆ. ಪೋಸ್ಟ್ ಒಳಗೆ ಸಾಕಷ್ಟು ಇಳಿಯದಿದ್ದರೆ ಪ್ರತಿ ಹಂಪಿನ ಏಟೂ ಆ ವೆಲ್ಡಿನ ಮೇಲೇ ಬೀಳುತ್ತದೆ. ಓದುತ್ತಿರುವವರೆಲ್ಲ ಈಗಲೇ ಎದ್ದು ನಿಮ್ಮದನ್ನು ನೋಡಿ.

ಎಂಟನೇ_ಮೈನ್ · 2:48
ನೋಡಿದೆ. ಗೆರೆ ಒಳಗಿದೆ.

ಹಳೆ_ಹರ್ಕ್ಯುಲಿಸ್ · 3:02
ವೆಲ್ಡ್ ಮಾಡಿಸಿದರೆ ಆಯಿತಲ್ಲ? ನಮ್ಮ ಕಾಲದಲ್ಲಿ ಫ್ರೇಮ್ ಬಿಟ್ಟರೆ ಹಿತ್ತಾಳೆ ಹಾಕಿ ಬೆಸೆದು ಕೊಡುತ್ತಿದ್ದರು.

ಪೀಣ್ಯ_ಫಿಟ್ಟರ್ · 3:15
ಅದು ಕಬ್ಬಿಣ ಸರ್, ಅದಕ್ಕೆ ಆಗುತ್ತಿತ್ತು. ಇದು 6061 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ. ಫ್ಯಾಕ್ಟರಿಯಲ್ಲಿ ವೆಲ್ಡ್ ಆದ ಮೇಲೆ ಇಡೀ ಫ್ರೇಮನ್ನು ಓವನ್ನಿನಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದ ಮಾಡುತ್ತಾರೆ. ಆ ಹದಕ್ಕೆ ಟಿ6 ಅನ್ನುತ್ತಾರೆ, ಬಲ ಬರುವುದೇ ಅದರಿಂದ. ನಾನು ಟಿಗ್ ವೆಲ್ಡ್ ಚೆನ್ನಾಗಿಯೇ ಮಾಡುತ್ತೇನೆ. ಆದರೆ ಬೆಂಕಿ ತಾಗಿದ ಜಾಗ ಮೆತ್ತಗಾಗುತ್ತದೆ, ಬಿರುಕು ಮತ್ತೆ ಅದರ ಪಕ್ಕದಲ್ಲೇ ಏಳುತ್ತದೆ. ಬಸ್ಸಿನ ಮುಂದೆ ಓಡಿಸುವವರಿಗೆ ಇದನ್ನು ಬೆಸೆದು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಕಾರ್ಬನ್_ಕನಸು · 3:30
ನೋಡಿ, ಅಲ್ಯೂಮಿನಿಯಂ ಹೀಗೇ. ಅದಕ್ಕೆ ಆಯುಸ್ಸು ಇಷ್ಟೇ ಅಂತ ಇರುತ್ತದೆ.

ಪೀಣ್ಯ_ಫಿಟ್ಟರ್ · 3:52
ಅರ್ಧ ಸರಿ. ಸ್ಟೀಲಿಗೆ ಒಂದು ಮಿತಿ ಇದೆ. ಅದಕ್ಕಿಂತ ಕಡಿಮೆ ಏಟು ಎಷ್ಟು ಲಕ್ಷ ಸಲ ಬಿದ್ದರೂ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಅದು ಗೊತ್ತಿರುವುದರಿಂದಲೇ ಕೊಳವೆಯನ್ನು ದಪ್ಪ ಮಾಡಿರುತ್ತಾರೆ. ಅಲ್ಯೂಮಿನಿಯಂ ತೂಕದಲ್ಲಿ ಸ್ಟೀಲಿನ ಮೂರನೇ ಒಂದು, ಬಾಗದೆ ನಿಲ್ಲುವ ಗುಣದಲ್ಲೂ ಮೂರನೇ ಒಂದು. ಅಗಲದ ಕೊಳವೆ ಮಾಡಿ ಅದನ್ನು ಸರಿದೂಗಿಸುತ್ತಾರೆ. ಪೋಸ್ಟ್ ಸರಿಯಾಗಿ ಇಳಿದಿದ್ದರೆ ಈ ಫ್ರೇಮ್ ಇನ್ನೂ ಎಷ್ಟೋ ವರ್ಷ ಬರುತ್ತಿತ್ತು. ತಪ್ಪು ಲೋಹದ್ದಲ್ಲ.

ನಾಗರಬಾವಿ_ಸವಾರಿ · 4:10
ಹಾಗಾದರೆ ಮುಂದೇನು? ಚಕ್ರ, ಬ್ರೇಕ್, ಗೇರ್ ಎಲ್ಲಾ ಚೆನ್ನಾಗಿವೆ. ಫ್ರೇಮ್ ಮಾತ್ರ ಬದಲಾಯಿಸಬಹುದಾ?

ತುರಹಳ್ಳಿ_ಧೂಳು · 4:18
ನನ್ನ ಹತ್ತಿರ ಕ್ರೋಮೊಲಿ ಸ್ಟೀಲ್ ಫ್ರೇಮ್ ಒಂದು ಸುಮ್ನೆ ಬಿದ್ದಿದೆ, ಹಳೇ ಮೌಂಟನ್ ಬೈಕಿನದು. ಹಿಂದಿನ ಅಗಲ 135 ಮಿ.ಮೀ., ನಿಮ್ಮ ಹಬ್ ಕೂರುತ್ತದೆ. ದುಡ್ಡು ಬೇಡ.

ಮಳೆಗಾಲದ_ಚಕ್ರ · 4:25
ಅದು 26 ಇಂಚಿನ ಚಕ್ರದ್ದಲ್ವಾ? ಅವರದು ಅದಕ್ಕಿಂತ ದೊಡ್ಡ 700ಸಿ ಚಕ್ರ, ರಿಮ್ಮನ್ನೇ ಹಿಡಿಯುವ ವಿ-ಬ್ರೇಕ್. ಬ್ರೇಕ್ ಕೂರಿಸುವ ಗೂಟಗಳು ಕೆಳಗಿರುತ್ತವೆ, ಪ್ಯಾಡ್ ರಿಮ್ಮಿಗೆ ಸಿಗುವುದೇ ಇಲ್ಲ.

ತುರಹಳ್ಳಿ_ಧೂಳು · 4:27
ಹೌದು, ಅದು ಹೊಳೆಯಲೇ ಇಲ್ಲ. ಸರಿ.

ಎಂಟನೇ_ಮೈನ್ · 4:33
ಸ್ಟೀಲ್ ಅಂದರೆ ಭಾರ ಅಲ್ವಾ? ನಮ್ಮ ತಾತನ ಅಟ್ಲಾಸ್ ಎತ್ತಲು ಇಬ್ಬರು ಬೇಕಿತ್ತು.

ಹಳೆ_ಹರ್ಕ್ಯುಲಿಸ್ · 4:50
ಅಟ್ಲಾಸ್ ಅಂದಾಗ ಹೊಟ್ಟೆ ಚುರ್ ಅನ್ನುತ್ತದೆ. ಅವರ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಂತದ್ದು 2020ರ ಜೂನ್ 3ಕ್ಕೆ. ಅಂದೇ ವಿಶ್ವ ಸೈಕಲ್ ದಿನ. ಚಾಮರಾಜಪೇಟೆಯಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ಸೈಕಲ್ ಕೊಡುವ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿರುತ್ತಿದ್ದರು. ಮಡ್‌ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ನಂಬರ್. ಸೀಟಿಗೆ ಕಾಲು ಎಟುಕದೆ ನಾವೆಲ್ಲ ಕತ್ತರಿ ಕಾಲು ಹಾಕಿ ಕಲಿತದ್ದು.

ಮಳೆಗಾಲದ_ಚಕ್ರ · 5:06
ಸ್ಟೀಲಿನಲ್ಲೂ ಜಾತಿ ಇದೆ. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಬರುವುದು ಹೈ-ಟೆನ್ (ಹೈ ಟೆನ್ಸೈಲ್) ಸ್ಟೀಲ್, ಕೊಳವೆ ದಪ್ಪ, ಭಾರ. ಕ್ರೋಮೊಲಿಯಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಸೇರಿ ಬಲ ಜಾಸ್ತಿ, ಅದಕ್ಕೆ ಕೊಳವೆಯ ಗೋಡೆ ತೆಳುವಾಗಿ ಮಾಡಬಹುದು. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಚೆನ್ನಾಗಿಯೂ ಇರುತ್ತದೆ. ಆದರೆ ಆ ಬೆಲೆಯ ಸೈಕಲ್ಲನ್ನು ಆಫೀಸಿನ ಹೊರಗೆ ಬೀಗ ಹಾಕಿ ಬಿಡುವ ಧೈರ್ಯ ನನಗಿಲ್ಲ.

ಮೇಡಂ, ನನ್ನ ಹತ್ತಿರ 700ಸಿ ಟೂರಿಂಗ್ ಸೈಕಲ್ಲಿನ ಕ್ರೋಮೊಲಿ ಫ್ರೇಮ್ ಇದೆ, ಫೋರ್ಕ್, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಮೇತ. ವಿ-ಬ್ರೇಕ್ ಗೂಟ ಇದೆ, ಕ್ಯಾರಿಯರ್ ತೂತು ಇದೆ. ನೀವು ಅಳೆಯಬೇಕಾದ್ದು ಇಷ್ಟು: ಬಾಟಮ್ ಬ್ರಾಕೆಟ್ ಕೂರುವ ಕೊಳವೆಯ ಅಗಲ, ನನ್ನದು 68 ಮಿ.ಮೀ.; ಸೀಟ್ ಪೋಸ್ಟ್, ನನ್ನದಕ್ಕೆ 27.2, ಹಿಂದಿನ ಹಬ್ಬು, 135.

ಪೀಣ್ಯ_ಫಿಟ್ಟರ್ · 5:15
ಒಳಗೆ ತುಕ್ಕು ನೋಡಿದ್ದೀರಾ? ಸ್ಟೀಲ್ ಹೊರಗಿಂದಲ್ಲ, ಒಳಗಿಂದ ತಿನ್ನಿಸಿಕೊಳ್ಳುತ್ತದೆ.

ಮಳೆಗಾಲದ_ಚಕ್ರ · 5:24
ಪೋಸ್ಟ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಕಂದು ಬಣ್ಣ ತಿರುಗಿದೆ ಅಷ್ಟೇ, ಪದರ ಏಳುತ್ತಿಲ್ಲ. ಕೆಳಗೆ ನೀರು ಇಳಿಯುವ ತೂತು ತೆರೆದೇ ಇದೆ.

ಪೀಣ್ಯ_ಫಿಟ್ಟರ್ · 5:29
ಹಾಗಾದರೆ ಒಳ್ಳೆ ಫ್ರೇಮ್. ಜೋಡಿಸುವ ಮೊದಲು ಒಳಗೆ ಅಗಸೆ ಎಣ್ಣೆ ಆಡಿಸಿ ಒಣಗಿಸೋಣ. ಪೋಸ್ಟಿಗೆ ತಪ್ಪದೆ ಗ್ರೀಸ್. ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಫ್ರೇಮಿನೊಳಗೆ ಒಣಗಿ ಕೂತರೆ ಮಳೆ ನೀರಿಗೆ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಯಾವ ಸ್ಪ್ಯಾನರಿಗೂ ಜಗ್ಗುವುದಿಲ್ಲ.

ನಾಗರಬಾವಿ_ಸವಾರಿ · ರಾತ್ರಿ 8:05
ಅಳೆದೆ. ಬಾಟಮ್ ಬ್ರಾಕೆಟ್ 68, ಹಬ್ 135. ನನ್ನ ಪೋಸ್ಟ್ ಮಾತ್ರ 30.9, ಅದೊಂದು ಹೊಸದು ತರುತ್ತೇನೆ. ಈ ಸಲ ಉದ್ದದ್ದು, ಗೆರೆ ಒಳಗೇ ಇರುವಂಥದ್ದು. ಮಳೆಗಾಲದ ಸರ್, ಫ್ರೇಮಿಗೆ ನ್ಯಾಯವಾದ ಬೆಲೆ ಹೇಳಿ, ಸುಮ್ನೆ ತಗೊಳ್ಳುವುದಿಲ್ಲ. ಬಿರುಕು ಬಿಟ್ಟ ಫ್ರೇಮನ್ನು ಗುಜರಿಗೆ ಹಾಕುವ ಮೊದಲು ಕತ್ತರಿಸಿಯೇ ಹಾಕುತ್ತೇನೆ, ಇನ್ಯಾರೋ ಬಣ್ಣ ಬಳಿದು ಓಡಿಸಬಾರದು. ಸ್ಟೀಲ್ ಸ್ಕೇಲನ್ನು ತಮ್ಮನಿಗೆ ವಾಪಸ್ ಕೊಟ್ಟಿಲ್ಲ, ಸೈಕಲ್ ಚೀಲದಲ್ಲೇ ಇಟ್ಟಿದ್ದೇನೆ.

ಇವತ್ತು ರಾತ್ರಿಯೇ ಹಳೇದನ್ನು ಬಿಚ್ಚಲು ಶುರು ಮಾಡಿದೆ. ಬಲಗಡೆ ಪೆಡಲ್ ಬಂತು. ಎಡಗಡೆಯದು ಎಷ್ಟು ತಿರುಗಿಸಿದರೂ ಬರುತ್ತಿಲ್ಲ.

ಪೀಣ್ಯ_ಫಿಟ್ಟರ್ · 8:07
ನಿಲ್ಲಿಸಿ, ನಿಲ್ಲಿಸಿ. ಎಡಗಡೆ ಪೆಡಲ್ಲಿಗೆ ಉಲ್ಟಾ ತ್ರೆಡ್. ಬಲಕ್ಕೆ ತಿರುಗಿಸಿ, ಬಿಚ್ಚುತ್ತದೆ.

ನಾಗರಬಾವಿ_ಸವಾರಿ · 8:11
ಬಂತು!